ಗೇಮ್ ಡಿಸ್ಕ್ ಕಾಪಿ ಆಗುತ್ತದೆ, ಕನ್ಸೋಲ್ ಯಾಕೆ ಒಪ್ಪುವುದಿಲ್ಲ?

ಪ್ರಶ್ನೆ: ನಮ್ಮ ಮನೆ ಕೊಪ್ಪದ ಹತ್ತಿರ, ತೋಟದ ಒಳಗೆ. ಅಣ್ಣ ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ತಗೊಂಡ ಪ್ಲೇಸ್ಟೇಷನ್ 2, ಆಮೇಲೆ ಬಂದ ಪ್ಲೇಸ್ಟೇಷನ್ 3 ಎರಡೂ ಈಗ ನನ್ನ ಹತ್ತಿರ ಇವೆ. ಡಿಸ್ಕ್‌ಗಳು ಸುಮಾರು ಮೂವತ್ತು. ಅದರಲ್ಲಿ ಐದಾರು ಪ್ಲೇಸ್ಟೇಷನ್ 1 ಕಾಲದ ಕಪ್ಪು ಡಿಸ್ಕ್. ಈ ಸಲ ಮಳೆಗಾಲದಲ್ಲಿ ತೆಗೆದು ನೋಡಿದರೆ ಕೆಲವಕ್ಕೆ ಬೂಷ್ಟು ಹಿಡಿದಿದೆ. ಗಾಬರಿಯಾಗಿ ಬ್ಯಾಕಪ್ ಮಾಡಲು ಕೂತೆ. ಪಿಎಸ್2 ಡಿಸ್ಕೊಂದು ಕಂಪ್ಯೂಟರಿಗೆ ಒಂದೂ ಎರರ್ ಇಲ್ಲದೆ ಕಾಪಿ ಆಯಿತು. ಖಾಲಿ ಡಿವಿಡಿಗೆ ಬರೆದು ಕನ್ಸೋಲ್‌ಗೆ ಹಾಕಿದರೆ ಕೆಂಪು ಪರದೆ ಬಂದು, ಪ್ಲೇಸ್ಟೇಷನ್ ಡಿಸ್ಕ್ ಹಾಕಿ ಅನ್ನುತ್ತದೆ. ಪಿಎಸ್3 ಡಿಸ್ಕನ್ನು ಸ್ನೇಹಿತನ ಬ್ಲೂ-ರೇ ಡ್ರೈವ್‌ನಲ್ಲಿ ಹಾಕಿ ಫೋಲ್ಡರ್ ಪೂರ್ತಿ ಕಾಪಿ ಮಾಡಿದೆ. ಅದೂ ಎಲ್ಲೂ ಓಡುತ್ತಿಲ್ಲ. ದುಡ್ಡು ಕೊಟ್ಟು ತಗೊಂಡ ಡಿಸ್ಕಿಗೆ ಬ್ಯಾಕಪ್ ಮಾಡುವುದು ಇಷ್ಟು ಕಷ್ಟ ಯಾಕೆ? ನಾನು ಮಾಡುತ್ತಿರುವುದು ಕಾನೂನಿಗೆ ವಿರುದ್ಧವಾ?

ಉತ್ತರ: ನೀವು ಮಾಡಿದ ಪಿಎಸ್2 ಕಾಪಿಯನ್ನು ದಯವಿಟ್ಟು ಅಳಿಸಬೇಡಿ. ಅದು ಕೆಟ್ಟಿಲ್ಲ. ಎರರ್ ಇಲ್ಲದೆ ಓದಿದೆ ಅಂದ ಮೇಲೆ ಆಟಕ್ಕೆ ಬೇಕಾದದ್ದೆಲ್ಲ ಅದರಲ್ಲಿ ಇದೆ. ಕೆಂಪು ಪರದೆ ಬಂದದ್ದು ಕನ್ಸೋಲ್‌ಗೆ ಆಟ ಸಿಗಲಿಲ್ಲ ಅಂತಲ್ಲ. ಈ ಡಿಸ್ಕ್ ಕಾರ್ಖಾನೆಯಲ್ಲೇ ಅಚ್ಚಾಗಿ ಬಂದದ್ದು ಅನ್ನುವ ಗುರುತು ಸಿಗಲಿಲ್ಲ, ಅಷ್ಟೆ.

ಆಟವನ್ನು ಉಳಿಸಿಕೊಳ್ಳುವುದು ಒಂದು ಕೆಲಸ. ಉಳಿಸಿದ ಕಾಪಿಯನ್ನು ಕನ್ಸೋಲ್ ಒಪ್ಪುವಂತೆ ಮಾಡುವುದು ಇನ್ನೊಂದು ಕೆಲಸ. ಇವೆರಡನ್ನೂ ಒಂದೇ ಅಂದುಕೊಂಡು ಎಷ್ಟೋ ಜನ ಡಿವಿಡಿ ಮೇಲೆ ಡಿವಿಡಿ ಬರೆದು ಬೇಸತ್ತು, ಕೊನೆಗೆ ಬ್ಯಾಕಪ್ ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ಅಷ್ಟರಲ್ಲಿ ಅಸಲು ಡಿಸ್ಕ್ ಹಾಳಾಗಿರುತ್ತದೆ. ಪಿಎಸ್1, ಪಿಎಸ್2 ಡಿಸ್ಕ್‌ಗಳಲ್ಲಿ ಮೊದಲನೆಯ ಕೆಲಸ ಸುಲಭ, ಎರಡನೆಯದು ಕಷ್ಟ. ಪಿಎಸ್3ರಿಂದ ಈಚೆಗೆ ಮೊದಲನೆಯದೇ ಕಷ್ಟ.

ನಿಮ್ಮ ಕಡೆ ನಾಟಾ ಲಾರಿ ಚೆಕ್‌ಪೋಸ್ಟ್‌ಗೆ ಬಂದಾಗ ಏನಾಗುತ್ತದೆ ನೋಡಿದ್ದೀರಲ್ಲ. ಮರ ಬೀಟೆಯೋ ತೇಗವೋ ಅನ್ನುವುದಷ್ಟೇ ಸಾಲದು. ದಿಮ್ಮಿಯ ತುದಿಯಲ್ಲಿ ಅರಣ್ಯ ಇಲಾಖೆಯವರು ಸುತ್ತಿಗೆಯಲ್ಲಿ ಹೊಡೆದ ಗುರುತು ಇರಬೇಕು. ಅದೇ ತೋಟದ ಅದೇ ಮರದ ಇನ್ನೊಂದು ತುಂಡಾದರೂ ಗುರುತಿಲ್ಲದಿದ್ದರೆ ಗೇಟು ದಾಟುವುದಿಲ್ಲ. ಕನ್ಸೋಲ್ ಮಾಡುವ ತಪಾಸಣೆಯೂ ಇದೇ ಬಗೆಯದು. ಅದು ಆಟವನ್ನು ಓದುವ ಮುಂಚೆ ಗುರುತನ್ನು ಹುಡುಕುತ್ತದೆ. ನಾವು ಮನೆಯಲ್ಲಿ ಬರೆಯುವ ಡಿಸ್ಕಿಗೆ ಮರ ಬರುತ್ತದೆ, ಸುತ್ತಿಗೆ ಗುರುತು ಬರುವುದಿಲ್ಲ.

ಈ ಗುರುತು ಹೇಗಿರುತ್ತದೆ ಅನ್ನುವುದಕ್ಕೆ ನಿಮ್ಮ ಕಪ್ಪು ಡಿಸ್ಕ್‌ಗಳೇ ಒಳ್ಳೆಯ ಉದಾಹರಣೆ. ಮೊದಲ ಪ್ಲೇಸ್ಟೇಷನ್ 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂತು. ಆಟಗಳು ಸಾಮಾನ್ಯ ಸಿಡಿಯಲ್ಲಿ. ಆ ಕಪ್ಪು ಬಣ್ಣವೇ ಕಾಪಿ ತಡೆಯುವ ಉಪಾಯ ಅಂತ ಆಗ ಬಹಳ ಜನ ನಂಬಿದ್ದರು. ಅಲ್ಲ. ಸಿಡಿ ಓದುವ ಲೇಸರ್ 780 ನ್ಯಾನೊಮೀಟರ್‌ನದು, ಕಣ್ಣಿಗೆ ಕಾಣದ ಇನ್ಫ್ರಾರೆಡ್. ಅದಕ್ಕೆ ಆ ಕಪ್ಪು ಪ್ಲಾಸ್ಟಿಕ್ ಗಾಜಿನಷ್ಟೇ ತಿಳಿ. ನಿಜವಾದ ಗುರುತು ಇರುವುದು ಡಿಸ್ಕಿನ ಒಳ ಅಂಚಿನಲ್ಲಿ, ಲೀಡ್-ಇನ್ ಅನ್ನುವ ಜಾಗದಲ್ಲಿ. ಅಲ್ಲಿ ಡೇಟಾದ ಸುರುಳಿ ಗೆರೆ ನೆಟ್ಟಗೆ ಸಾಗದೆ ಎಡಬಲಕ್ಕೆ ಅತಿ ಸಣ್ಣದಾಗಿ ಅಲುಗಾಡುತ್ತದೆ. ಸುರುಳಿಯ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಇರುವುದೇ 1.6 ಮೈಕ್ರಾನ್. ಅಲುಗಾಟ ಅದಕ್ಕಿಂತಲೂ ಎಷ್ಟೋ ಸಣ್ಣದು. ಆ ಅಲುಗಾಟದಲ್ಲಿ ನಾಲ್ಕು ಅಕ್ಷರ ಅಡಗಿಸಿರುತ್ತಾರೆ. ಜಪಾನಿನ ಡಿಸ್ಕಿಗೆ ಎಸ್‌ಸಿಇಐ, ಅಮೆರಿಕದ್ದಕ್ಕೆ ಎಸ್‌ಸಿಇಎ, ಯುರೋಪಿನದ್ದಕ್ಕೆ ಎಸ್‌ಸಿಇಇ. ಕನ್ಸೋಲ್‌ನ ಡ್ರೈವ್ ಮೊದಲು ಇದನ್ನು ಓದುತ್ತದೆ. ತನ್ನ ಪ್ರದೇಶದ ಅಕ್ಷರ ಸಿಕ್ಕರೆ ಮಾತ್ರ ಮುಂದಿನ ಮಾತು.

ಇದನ್ನು ಸಿಡಿ ರೈಟರ್‌ನಲ್ಲಿ ಯಾಕೆ ಬರೆಯಲು ಆಗುವುದಿಲ್ಲ? ಖಾಲಿ ಸಿಡಿಯಲ್ಲಿ ಗೆರೆಯ ದಾರಿಯನ್ನು ತಯಾರಕರೇ ಮೊದಲು ಅಚ್ಚು ಮಾಡಿರುತ್ತಾರೆ. ಅದಕ್ಕೆ ಅದರದೇ ಆದ ಅಲುಗಾಟ ಇರುತ್ತದೆ, ರೈಟರ್ ವೇಗ ಹೊಂದಿಸಿಕೊಳ್ಳಲು. ರೈಟರ್‌ನ ಲೇಸರ್ ಆ ದಾರಿ ಹಿಡಿದು ಹೋಗಬೇಕು, ದಾರಿಯನ್ನೇ ಬಗ್ಗಿಸಲು ಅದಕ್ಕೆ ಬರುವುದಿಲ್ಲ. ಓದುವಾಗಲೂ ಕಂಪ್ಯೂಟರ್ ಡ್ರೈವ್ ಈ ಅಲುಗಾಟವನ್ನು ಡೇಟಾ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಿಮ್ಮ ಕಾಪಿ ಸಾಫ್ಟ್‌ವೇರ್‌ಗೆ ಅಲ್ಲೊಂದು ಗುರುತಿದೆ ಅನ್ನುವುದೇ ತಿಳಿಯದು. ಒಂದೂ ಎರರ್ ಬರದೇ ಇದ್ದದ್ದು ಅದಕ್ಕೇ. ಆ ಕಾಲದ ಚಿಪ್ ಹಾಕುವವರು ಮಾಡುತ್ತಿದ್ದದ್ದು ಆ ನಾಲ್ಕು ಅಕ್ಷರವನ್ನು ಡಿಸ್ಕಿನ ಬದಲು ತಂತಿಯಿಂದಲೇ ಕನ್ಸೋಲ್‌ಗೆ ಕೊಡುವುದು. ಬೋರ್ಡಿಗೆ ಸಣ್ಣ ಚಿಪ್ ಬೆಸುಗೆ ಹಾಕಿದರೆ ಯಾವ ಡಿಸ್ಕ್ ಹಾಕಿದರೂ ಗುರುತು ಇದ್ದಂತೆ ಕಾಣುತ್ತಿತ್ತು.

ಕಪ್ಪು ಡಿಸ್ಕ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ. ನಮ್ಮ ದೇಶ ಟಿವಿ ಲೆಕ್ಕದಲ್ಲಿ ಪಾಲ್ ವಲಯ, ಅಂದರೆ ಯುರೋಪಿನ ಬಹುಪಾಲು ದೇಶಗಳಂತೆ ಪಾಲ್ ಅನ್ನುವ ಟಿವಿ ಪದ್ಧತಿಯದ್ದು. ಹಾಗಾಗಿ ನಿಮ್ಮವೂ ಯುರೋಪಿನ ಪಾಲ್ ಆವೃತ್ತಿಗಳೇ ಇರಬಹುದು. ಪಾಲ್ ಆವೃತ್ತಿಯ ಕೆಲವು ಆಟಗಳಲ್ಲಿ ಲಿಬ್‌ಕ್ರಿಪ್ಟ್ ಅನ್ನುವ ಎರಡನೇ ಬೀಗವೂ ಇದೆ. ಸಿಡಿಯ ಡೇಟಾ ಸೆಕ್ಟರ್ ಅನ್ನುವ ಸಣ್ಣ ತುಂಡುಗಳಲ್ಲಿ ಇರುತ್ತದೆ. ಪ್ರತಿ ಸೆಕ್ಟರ್ ಜೊತೆ ಸಬ್‌ಚಾನೆಲ್ ಅಂತ ಸ್ವಲ್ಪ ಮಾಹಿತಿ ಇರುತ್ತದೆ. ಅದರಲ್ಲಿ ಕ್ಯೂ ಅನ್ನುವ ಭಾಗ, ಈಗ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅನ್ನುವ ವಿಳಾಸ ಹೇಳುತ್ತದೆ. ಲಿಬ್‌ಕ್ರಿಪ್ಟ್ ಇರುವ ಡಿಸ್ಕಿನಲ್ಲಿ ಆರಿಸಿದ ಕೆಲವು ಸೆಕ್ಟರ್‌ಗಳ ವಿಳಾಸವನ್ನು ಬೇಕೆಂದೇ ತಪ್ಪಾಗಿ ಬರೆದಿರುತ್ತಾರೆ. ಯಾವ ಯಾವ ಸೆಕ್ಟರ್ ತಪ್ಪಾಗಿದೆ ಅನ್ನುವುದರಿಂದ 16 ಬಿಟ್‌ನ ಒಂದು ಕೀಲಿ ತಯಾರಾಗುತ್ತದೆ. ಮಾಮೂಲಿ ಕಾಪಿ ಸಾಫ್ಟ್‌ವೇರ್ ಸಬ್‌ಚಾನೆಲ್ಲನ್ನು ಬಿಟ್ಟೇ ಬಿಡುತ್ತದೆ. ಇಲ್ಲವೇ ತಪ್ಪು ಕಂಡಿತು ಅಂತ ತಾನೇ ಸರಿ ಮಾಡಿಬಿಡುತ್ತದೆ. ಸರಿ ಮಾಡಿದ ಕೂಡಲೇ ಕೀಲಿ ಹೋಯಿತು.

2000ದಲ್ಲಿ ಬಂದ ಸ್ಪೈರೊ ಸರಣಿಯ ಮೂರನೇ ಆಟದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಆಟ ತನ್ನ ಕೋಡನ್ನು ತಾನೇ ಅಲ್ಲಲ್ಲಿ ತಪಾಸಣೆ ಮಾಡಿಕೊಳ್ಳುತ್ತಿತ್ತು. ಯಾರೋ ಬೀಗ ಮುರಿದಿದ್ದಾರೆ ಅಂತ ಗೊತ್ತಾದರೆ ತಕ್ಷಣ ನಿಲ್ಲುತ್ತಿರಲಿಲ್ಲ. ಆಡುತ್ತಾ ಹೋದಂತೆ ಸಂಗ್ರಹಿಸಿದ ಮೊಟ್ಟೆಗಳು ಮಾಯವಾಗುವುದು, ಕೊನೆಯ ಹೊತ್ತಿಗೆ ಸೇವ್, ಅಂದರೆ ಅಲ್ಲಿವರೆಗೆ ಆಡಿದ್ದರ ದಾಖಲೆ, ಅಳಿಸಿಹೋಗುವುದು, ಹೀಗೆ. ಆಟ ಬಿಡುಗಡೆಯಾದ ಮೊದಲ ವಾರಗಳಲ್ಲಿ ನಕಲಿ ಮಾರಾಟ ಆಗದಂತೆ ನೋಡಿಕೊಳ್ಳುವುದು ತಯಾರಕರ ಉದ್ದೇಶ. ಪೂರ್ತಿ ಮುರಿಯಲು ಕಳ್ಳರಿಗೆ ಎರಡು ತಿಂಗಳಿಗೂ ಜಾಸ್ತಿ ಹಿಡಿಯಿತು. ತಯಾರಕರ ಲೆಕ್ಕದಲ್ಲಿ ಅದು ಗೆಲುವು. ವರ್ಷಗಟ್ಟಲೆ ದುಡಿದು ಮಾಡಿದ ಆಟ ಬಿಡುಗಡೆಯ ದಿನವೇ ಫುಟ್‌ಪಾತಿಗೆ ಬಂದರೆ ಮಾಡಿದವರ ಹೊಟ್ಟೆಗೆ ಹೊಡೆದಂತೆ ಅಲ್ವಾ? ಬೀಗ ಹಾಕಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ನನ್ನ ತಕರಾರು ಬೇರೆ. ಆ ಬೀಗದ ಕೆಲಸ ಎರಡು ತಿಂಗಳಿಗೆ ಮುಗಿಯಿತು. ಬೀಗ ಮಾತ್ರ ಕಾಲು ಶತಮಾನ ಕಳೆದರೂ ಹಾಗೇ ಇದೆ. ಅದರಿಂದ ಈಗ ತೊಂದರೆ ಆಗುತ್ತಿರುವುದು ದುಡ್ಡು ಕೊಟ್ಟು ತಗೊಂಡ ನಿಮ್ಮಂಥವರಿಗೆ.

ಪಿಎಸ್2 ವಿಷಯಕ್ಕೆ ಬರೋಣ. ಅದರ ಆಟಗಳು ನೀಲಿ ಛಾಯೆಯ ಸಿಡಿಯಲ್ಲಿ ಅಥವಾ ಬೆಳ್ಳಿ ಬಣ್ಣದ ಡಿವಿಡಿಯಲ್ಲಿ ಇರುತ್ತವೆ. ಡಿಸ್ಕಿನಲ್ಲಿರುವ ಆಟದ ಡೇಟಾ ತೆರೆದೇ ಇದೆ, ಗೂಢಲಿಪಿ ಇಲ್ಲ. ಯಾವುದೇ ಕಂಪ್ಯೂಟರ್ ಡ್ರೈವ್ ಓದುತ್ತದೆ. ಗುರುತು ಮಾತ್ರ ಇಲ್ಲೂ ರೈಟರ್‌ಗೆ ಸಿಗದ ಕಡೆ ಇದೆ. ನೀವು ಹೇಳಿದ್ದರಿಂದ ಒಂದು ವಿಷಯ ಗೊತ್ತಾಗುತ್ತದೆ: ನಿಮ್ಮ ಕನ್ಸೋಲ್‌ಗೆ ಚಿಪ್ ಹಾಕಿಸಿಲ್ಲ. ಹಾಕಿಸಿದ್ದರೆ ನೀವು ಬರೆದ ಡಿವಿಡಿ ಓಡುತ್ತಿತ್ತು. ಅಂದರೆ ಅದರಲ್ಲಿ ಓಡುತ್ತಿರುವ ಡಿಸ್ಕ್‌ಗಳೆಲ್ಲ ಅಸಲಿ. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಪ್ರತಿ ಡಿಸ್ಕನ್ನೂ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ನಡುವಿನ ತೂತಿನ ಸುತ್ತ ಕನ್ನಡಿಯಂಥ ಉಂಗುರ ಇದೆಯಲ್ಲ, ಅಲ್ಲಿ ಐಎಫ್‌ಪಿಐ ಅಂತ ಬಹಳ ಸಣ್ಣ ಅಕ್ಷರದಲ್ಲಿ ಕಾರ್ಖಾನೆಯ ಸಂಕೇತ ಇರುತ್ತದೆ. ಅದು ಇಲ್ಲದೆ, ಕೆಳಮೈ ನೇರಳೆ ಬಣ್ಣಕ್ಕೆ ಹೊಳೆದರೆ ಅದು ರೈಟರ್‌ನಲ್ಲಿ ಬರೆದ ನಕಲಿ.

ಪಿಎಸ್3 ಕಥೆ ಪೂರ್ತಿ ಬೇರೆ. 2006ರಲ್ಲಿ ಅದು ಬಂದಾಗ ಬ್ಲೂ-ರೇ ಡಿಸ್ಕ್ ಬಂತು, ಒಂದು ಪದರಕ್ಕೆ 25 ಜಿಬಿ, ಎರಡಕ್ಕೆ 50. ಇಲ್ಲಿ ಗುರುತಿನ ಜೊತೆಗೆ ಡೇಟಾವನ್ನೇ ಎಇಎಸ್ ಗೂಢಲಿಪಿಯಲ್ಲಿ ಬರೆದಿದ್ದಾರೆ. ಫೈಲುಗಳ ಹೆಸರು, ಗಾತ್ರ, ಫೋಲ್ಡರ್ ಎಲ್ಲ ತೆರೆದೇ ಕಾಣುತ್ತದೆ. ಅದಕ್ಕೇ ನಿಮಗೆ ಕಾಪಿ ಆಯಿತು ಅನ್ನಿಸಿತು. ಆದರೆ ಫೈಲಿನ ಒಳಗಿನದ್ದು ಬೀಗ ಹಾಕಿದ ಬೈಟುಗಳು. ಪ್ರತಿ ಆಟಕ್ಕೂ ಒಂದು ಕೀಲಿ ಇದೆ. ಆ ಕೀಲಿಗೆ ಬೇಕಾದ ಮಾಹಿತಿ ಡಿಸ್ಕಿನ ವಿಶೇಷ ಜಾಗದಲ್ಲಿದೆ. ಪಿಎಸ್3ರ ಡ್ರೈವ್ ತನ್ನ ಕನ್ಸೋಲ್‌ನ ಗುರುತು ಹಿಡಿದ ಮೇಲೆಯೇ ಅದನ್ನು ಬಿಟ್ಟುಕೊಡುವುದು. ನಿಮ್ಮ ಸ್ನೇಹಿತನ ಡ್ರೈವ್ ಅದನ್ನು ಕೇಳಲೂ ಇಲ್ಲ, ಪಡೆಯಲೂ ಇಲ್ಲ. ಹಾಗಾಗಿ ಫೋಲ್ಡರ್ ಕಾಪಿ ಮಾಡಿದ್ದು ಬ್ಯಾಕಪ್ ಅಲ್ಲ, ಅದನ್ನು ನಂಬಿಕೊಂಡು ಕೂರಬೇಡಿ.

ಇದೇ ಕಾರಣಕ್ಕೆ ಒಂದು ಮಾತು ನೆನಪಿಡಿ. ಪಿಎಸ್3ರ ಡ್ರೈವ್ ಮತ್ತು ಮದರ್‌ಬೋರ್ಡ್ ಜೋಡಿ. ಒಂದರ ಡ್ರೈವ್ ಬೋರ್ಡನ್ನು ಇನ್ನೊಂದಕ್ಕೆ ಹಾಕಿದರೆ ಆಟ ಓಡುವುದಿಲ್ಲ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಕನ್ಸೋಲ್ ಕೂಡ ಹೀಗೇ. ಡ್ರೈವ್ ಓದುತ್ತಿಲ್ಲ ಅಂತ ರಿಪೇರಿಗೆ ಕೊಟ್ಟಾಗ, ಲೆನ್ಸ್ ಮಾತ್ರ ಬದಲಿಸಿ, ಡ್ರೈವ್‌ನ ಬೋರ್ಡ್ ನನ್ನದೇ ಇರಲಿ ಅಂತ ಬಾಯಿಬಿಟ್ಟು ಹೇಳಿ. ಹಳೇ ಬೋರ್ಡ್ ಬಿಸಾಡಿದರೆ ಮತ್ತೆ ಹೊಂದಿಸುವುದು ಬಹಳ ಕಷ್ಟ.

ಬೇರೆ ಕಂಪನಿಗಳೂ ತಮ್ಮ ತಮ್ಮ ದಾರಿ ಹಿಡಿದವು. ನಿಂಟೆಂಡೊ 2001ರಲ್ಲಿ ಗೇಮ್‌ಕ್ಯೂಬ್‌ಗೆ 8 ಸೆಂಟಿಮೀಟರಿನ ಸಣ್ಣ ಡಿಸ್ಕ್ ಮಾಡಿತು. ಅದೇ ವರ್ಷದ ಎಕ್ಸ್‌ಬಾಕ್ಸ್ ಡಿಸ್ಕನ್ನು ಮಾಮೂಲಿ ಡಿವಿಡಿ ಪ್ಲೇಯರಿಗೆ ಹಾಕಿದರೆ, ಇದನ್ನು ಎಕ್ಸ್‌ಬಾಕ್ಸ್‌ನಲ್ಲಿ ಹಾಕಿ ಅನ್ನುವ ಚಿಕ್ಕ ವಿಡಿಯೊ ಮಾತ್ರ ಕಾಣುತ್ತದೆ. ಆಟ ಬೇರೆ ಭಾಗದಲ್ಲಿ ಅಡಗಿರುತ್ತದೆ. ಸೆಗಾ 1998ರಲ್ಲಿ ಡ್ರೀಮ್‌ಕಾಸ್ಟ್‌ಗೆ ಸುಮಾರು 1 ಜಿಬಿ ಹಿಡಿಯುವ ಜಿಡಿ-ರಾಮ್ ಅನ್ನುವ ಡಿಸ್ಕ್ ತಂದಿತು. ಆದರೆ ಹಾಡಿನ ಸಿಡಿಗಾಗಿ ಬಿಟ್ಟಿದ್ದ ಮಿಲ್-ಸಿಡಿ ಅನ್ನುವ ಕಿಂಡಿಯಿಂದ ನಕಲಿಗಳು ಒಳಗೆ ನುಗ್ಗಿದವು. ಕಂಪ್ಯೂಟರ್ ಆಟಗಳ ಪಾಡಂತೂ ಇನ್ನೂ ಬೇಸರದ್ದು. 2015ರಲ್ಲಿ ವಿಂಡೋಸ್ 10 ಬಂದಾಗ ಸೇಫ್‌ಡಿಸ್ಕ್ ಅನ್ನುವ ಹಳೇ ಬೀಗಕ್ಕೆ ಬೇಕಾದ ಡ್ರೈವರ್ ಅನ್ನುವ ಸಣ್ಣ ಸಾಫ್ಟ್‌ವೇರನ್ನೇ ಕೈಬಿಟ್ಟರು. ಭದ್ರತೆಯ ದೃಷ್ಟಿಯಿಂದ ಅದು ಸರಿ. ಆದರೆ ಅಸಲಿ ಡಿಸ್ಕ್ ಇಟ್ಟುಕೊಂಡವರ ಎಷ್ಟೋ ಆಟಗಳು ಅವತ್ತಿನಿಂದ ತೆರೆಯಲಿಲ್ಲ.

ಈಗ ನಿಮಗೆ ತುರ್ತಾಗಿ ಬೇಕಾದದ್ದು ಬೂಷ್ಟಿನ ವಿಷಯ. ಅರಸೀಕೆರೆ ಕಡೆಯಿಂದ ನನ್ನ ಹತ್ತಿರ ಬರುವ ಡಿಸ್ಕ್‌ಗಳಲ್ಲಿ ಧೂಳಿನ ಗೀರು ಜಾಸ್ತಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದಿಂದ ಬರುವವಕ್ಕೆ ಬೂಷ್ಟೇ ಕಾಟ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2003ರಲ್ಲಿ ಕೊಟ್ಟ ಮಾರ್ಗದರ್ಶಿಯ ಪ್ರಕಾರ ಡಿಸ್ಕ್ ಇಡುವ ಜಾಗದ ತೇವಾಂಶ ಶೇ 20ರಿಂದ 50ರ ಒಳಗೆ ಇರಬೇಕು. ಜುಲೈನಲ್ಲಿ ನಿಮ್ಮ ಮನೆಯ ಒಳಗೆ ಅದು 90 ದಾಟುತ್ತದೆ. ಬೂಷ್ಟು ಸಾಮಾನ್ಯವಾಗಿ ಡಿಸ್ಕಿನ ಮೇಲ್ಮೈಯಲ್ಲಿ, ಬೆರಳಿನ ಜಿಡ್ಡು ಮತ್ತು ಕಾಗದದ ಕವರಿನ ಮೇಲೆ ಬೆಳೆಯುತ್ತದೆ. ತೊಳೆದರೆ ಹೋಗುತ್ತದೆ. ಆದರೆ ಡಿಸ್ಕಿನ ಒಳಗೇ ಹೊಕ್ಕ ಉದಾಹರಣೆಯೂ ಇದೆ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಹಾಳಾಗಿದ್ದ ಸಿಡಿಯೊಂದನ್ನು ಸ್ಪೇನಿನ ವಿಜ್ಞಾನಿಗಳು ಪರೀಕ್ಷಿಸಿ, ಜಿಯೊಟ್ರೈಕಮ್ ಜಾತಿಯ ಶಿಲೀಂಧ್ರ ಅಂಚಿನಿಂದ ಒಳಗೆ ಹೋಗಿ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪದರವನ್ನೂ ತಿಂದಿರುವುದನ್ನು 2001ರಲ್ಲಿ ತೋರಿಸಿದರು. ಅದೂ ಬಿಸಿ ಮತ್ತು ತೇವ ಎರಡೂ ಇರುವ ಊರು.

ಬೂಷ್ಟು ಹಿಡಿದ ಡಿಸ್ಕನ್ನು ತೊಳೆಯದೆ ಯಾವ ಡ್ರೈವ್‌ಗೂ ಹಾಕಬೇಡಿ. ಲೆನ್ಸ್ ಹಾಳಾದರೆ ಉಳಿದ ಡಿಸ್ಕ್‌ಗಳೂ ಓದಲು ಬರುವುದಿಲ್ಲ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸಾಕು. ಕೆಳಮೈಯನ್ನು ಹಳೇ ಕಾಟನ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ಸುತ್ತ ಉಜ್ಜಿದರೆ ಗೀರು ಬಿದ್ದಾಗ ಅದು ಡೇಟಾದ ಗೆರೆಯ ಉದ್ದಕ್ಕೂ ಬೀಳುತ್ತದೆ. ಅಡ್ಡ ಗೀರನ್ನು ಸಿಡಿಯ ತಪ್ಪು ತಿದ್ದುವ ಲೆಕ್ಕಾಚಾರ ಸರಿದೂಗಿಸುತ್ತದೆ, ಗೆರೆಯುದ್ದಕ್ಕೆ ಸುಮಾರು 2.5 ಮಿಲಿಮೀಟರ್ ಡೇಟಾ ಹೋದರೂ ಪೂರ್ತಿ ಮರಳಿ ಪಡೆಯುತ್ತದೆ. ಉದ್ದ ಗೀರು ಬಿದ್ದರೆ ಅದಕ್ಕೂ ಕೈಲಾಗುವುದಿಲ್ಲ. ಟೂತ್‌ಪೇಸ್ಟ್ ಹಚ್ಚುವವರಿದ್ದಾರೆ, ಬೇಡ. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯುವ ದ್ರವ ಇವು ಪ್ಲಾಸ್ಟಿಕ್ಕನ್ನೇ ಮಂಜು ಮಾಡುತ್ತವೆ.

ಯಾವ ಡಿಸ್ಕಿಗೆ ಎಲ್ಲಿ ಜೀವ ಇದೆ ಅನ್ನುವುದೂ ತಿಳಿದಿರಲಿ. ಸಿಡಿಯಲ್ಲಿ ಡೇಟಾ ಪದರ ಇರುವುದು ಚಿತ್ರ ಅಚ್ಚಾದ ಮೇಲ್ಮೈಯ ಕೆಳಗೇ, ತೆಳು ವಾರ್ನಿಷ್ ಬಿಟ್ಟರೆ ರಕ್ಷಣೆ ಇಲ್ಲ. ಜನ ಕೆಳಮೈಯನ್ನು ಜೋಪಾನ ಮಾಡಿ ಮೇಲ್ಮೈಯನ್ನು ಮೇಜಿನ ಮೇಲೆ ಎಳೆದಾಡುತ್ತಾರೆ. ಅಲ್ಲಿ ಬಿದ್ದ ಗೀರಿಗೆ ಮದ್ದಿಲ್ಲ. ಡಿವಿಡಿಯಲ್ಲಿ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ಮಧ್ಯೆ ಇದೆ, ಸ್ವಲ್ಪ ನಿರಾಳ. ಬ್ಲೂ-ರೇಯಲ್ಲಿ ಕೆಳಮೈಯಿಂದ ಬರೀ 0.1 ಮಿಲಿಮೀಟರ್ ಆಳದಲ್ಲಿದೆ. ಹಾಗಾಗಿ ಪಾಲಿಶ್ ಮೆಷಿನ್‌ಗೆ ಸಿಡಿ, ಡಿವಿಡಿ ಕೊಡಬಹುದು, ಬ್ಲೂ-ರೇ ಮಾತ್ರ ಕೊಡಲೇಬಾರದು.

ಒಣಗಿದ ಮೇಲೆ ಬ್ಯಾಕಪ್. ಪಿಎಸ್2 ಡಿವಿಡಿಗಳಿಗೆ ಯುಎಸ್‌ಬಿಯ ಮಾಮೂಲಿ ಡಿವಿಡಿ ಡ್ರೈವ್ ಸಾಕು. ಇಮೇಜ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಇಡೀ ಡಿಸ್ಕನ್ನು ಒಂದೇ ಐಎಸ್ಒ ಫೈಲ್ ಆಗಿ ತೆಗೆಯಿರಿ. ಫೈಲುಗಳನ್ನು ಬಿಡಿಬಿಡಿಯಾಗಿ ಎಳೆದು ಹಾಕಬೇಡಿ, ಡಿಸ್ಕಿನಲ್ಲಿ ಅವು ಕೂತ ಜಾಗವೂ ಆಟಕ್ಕೆ ಮುಖ್ಯ. ಗಾಡ್ ಆಫ್ ವಾರ್ 2 ತರಹದ ಎರಡು ಪದರದ ಡಿಸ್ಕ್ ಇದ್ದರೆ ಫೈಲ್ 8.5 ಜಿಬಿವರೆಗೂ ಹೋಗುತ್ತದೆ, ಹೆದರಬೇಡಿ. ಸಿಡಿಗಳಿಗೆ, ಅಂದರೆ ಎಲ್ಲ ಕಪ್ಪು ಡಿಸ್ಕ್‌ಗಳಿಗೆ ಮತ್ತು ನೀಲಿ ಡಿಸ್ಕ್‌ಗಳಿಗೆ ಐಎಸ್ಒ ಸಾಲದು. ಸಿಡಿಯ ಒಂದು ಸೆಕ್ಟರ್‌ನಲ್ಲಿ 2352 ಬೈಟ್ ಇರುತ್ತದೆ, ಐಎಸ್ಒ ಅದರಲ್ಲಿ 2048 ಮಾತ್ರ ಇಟ್ಟುಕೊಳ್ಳುತ್ತದೆ. ಪಿಎಸ್1 ಆಟಗಳ ವಿಡಿಯೊ, ಧ್ವನಿ ಆ ಉಳಿದ ಜಾಗವನ್ನೂ ಬಳಸುತ್ತವೆ. ಹಾಡಿನ ಟ್ರ್ಯಾಕ್ ಇದ್ದರೆ ಐಎಸ್ಒನಲ್ಲಿ ಅದು ಬರುವುದೇ ಇಲ್ಲ. ಇವನ್ನು ಬಿನ್ ಮತ್ತು ಕ್ಯೂ (.bin, .cue) ಜೋಡಿ ಫೈಲ್ ಆಗಿ, ಸಬ್‌ಚಾನೆಲ್ ಸಮೇತ ತೆಗೆಯಬೇಕು. ರೀಡಂಪರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೇ ಕೆಲಸಕ್ಕೆ ಇದೆ. ಹಳೇ ಪ್ಲೆಕ್ಸ್‌ಟರ್ ಡ್ರೈವ್ ಯಾರ ಹತ್ತಿರವಾದರೂ ಸಿಕ್ಕರೆ ಕೈಕಾಲು ಹಿಡಿದಾದರೂ ಎರವಲು ತನ್ನಿ, ಸಿಡಿ ಓದುವುದರಲ್ಲಿ ಅದರಷ್ಟು ನಂಬಿಕೆಯವು ಕಡಿಮೆ.

ಕಾಪಿ ಸರಿಯಾಗಿದೆಯಾ ಅಂತ ತಿಳಿಯುವುದು ಹೇಗೆ? ಆಟ ಶುರುವಾಯಿತು ಅಂದರೆ ಸಾಲದು. ಸ್ಪೈರೊ ಕಥೆ ಹೇಳಿದೆನಲ್ಲ, ಗಂಟೆಗಟ್ಟಲೆ ಆಡಿದ ಮೇಲೆ ಕೈಕೊಡಬಹುದು. ಫೈಲಿನ ಬೆರಳಚ್ಚಿನಂಥ ಎಸ್‌ಎಚ್ಎ-1 ಅನ್ನುವ ಅಂಕಿಯನ್ನು ಲೆಕ್ಕ ಹಾಕಿ, ರೀಡಂಪ್ ಅನ್ನುವ ಡಿಸ್ಕ್ ಸಂರಕ್ಷಣಾ ಯೋಜನೆಯ ಪಟ್ಟಿಯ ಜೊತೆ ಹೋಲಿಸಿ. ಅವರು ಆಟಗಳನ್ನು ಹಂಚುವುದಿಲ್ಲ, ಪ್ರತಿ ಡಿಸ್ಕಿನ ಸರಿಯಾದ ಲೆಕ್ಕ ಮಾತ್ರ ದಾಖಲಿಸುತ್ತಾರೆ. ಅಂಕಿ ಹೊಂದಿದರೆ ನಿಮ್ಮ ಕಾಪಿ ಅಸಲಿನ ಪಡಿಯಚ್ಚು. ಪಟ್ಟಿಯಲ್ಲೇ ಇಲ್ಲದ ಡಿಸ್ಕ್ ಸಿಕ್ಕರೆ ಅದನ್ನು ಇನ್ನೂ ಹುಷಾರಾಗಿ ನೋಡಿಕೊಳ್ಳಿ. 2009ರಲ್ಲಿ ಹೈದರಾಬಾದಿನವರು ಪಿಎಸ್2ಗೆ ಹನುಮಾನ್: ಬಾಯ್ ವಾರಿಯರ್, ದೇಸಿ ಅಡ್ಡಾ ಅಂತ ಆಟ ಮಾಡಿದ್ದರು. ಎರಡನೆಯದರಲ್ಲಿ ಕಬಡ್ಡಿ, ಚಿನ್ನಿದಾಂಡು ಇದ್ದವು. ಅಂಥವು ನಿಮ್ಮ ಪೆಟ್ಟಿಗೆಯಲ್ಲಿ ಇದ್ದರೆ ಮೊದಲು ಅವನ್ನೇ ಉಳಿಸಿ. ಜಪಾನಿನ ದೊಡ್ಡ ಆಟಗಳನ್ನು ಉಳಿಸಲು ಸಾವಿರಾರು ಜನ ಇದ್ದಾರೆ. ನಮ್ಮ ಕಡೆ ಮಾಡಿದ್ದನ್ನು ನಾವೇ ಉಳಿಸಬೇಕು. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಬಿಡುಗಡೆಯಾದ ಹಳೇ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಅಷ್ಟು ದೊಡ್ಡ ಮಾರುಕಟ್ಟೆಯ ಕಥೆಯೇ ಹೀಗೆ.

ಇಮೇಜನ್ನು ಮತ್ತೆ ಖಾಲಿ ಡಿವಿಡಿಗೆ ಬರೆದು ಇಡುವುದರಲ್ಲಿ ಅರ್ಥವಿಲ್ಲ. ಬರೆಯುವ ಡಿಸ್ಕಿನಲ್ಲಿರುವುದು ಸಾವಯವ ಬಣ್ಣ, ಬಿಸಿಲಿಗೂ ತೇವಕ್ಕೂ ಅಸಲಿಗಿಂತ ಬೇಗ ಹೋಗುತ್ತದೆ. ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ. ಒಂದು ಅಣ್ಣನ ಮನೆಯಲ್ಲಿರಲಿ. ಏಪ್ರಿಲ್, ಮೇನಲ್ಲಿ ನಿಮ್ಮ ಕಡೆ ಸಿಡಿಲು ಬಡಿದರೆ ಪ್ಲಗ್‌ನಲ್ಲಿರುವುದೆಲ್ಲ ಒಟ್ಟಿಗೇ ಹೋಗುತ್ತದೆ. ಆಡಬೇಕು ಅನ್ನಿಸಿದಾಗ ಪಿಎಸ್2 ಇಮೇಜನ್ನು ಕಂಪ್ಯೂಟರಿನಲ್ಲಿ ಪಿಸಿಎಸ್ಎಕ್ಸ್2, ಪಿಎಸ್1ನದ್ದನ್ನು ಡಕ್‌ಸ್ಟೇಷನ್ ಓಡಿಸುತ್ತದೆ. ಇವು ಎಮ್ಯುಲೇಟರ್‌ಗಳು, ಅಂದರೆ ಕಂಪ್ಯೂಟರಿನಲ್ಲಿ ಕನ್ಸೋಲ್‌ನಂತೆ ನಟಿಸುವ ಸಾಫ್ಟ್‌ವೇರ್. ಅವು ಕಾರ್ಖಾನೆಯ ಗುರುತು ಕೇಳುವುದಿಲ್ಲ. ಕನ್ಸೋಲ್‌ನ ಬಯೋಸ್, ಅಂದರೆ ಅದನ್ನು ಶುರುಮಾಡುವ ಒಳಗಿನ ಸಾಫ್ಟ್‌ವೇರ್ ಬೇಕು, ಅದನ್ನು ನಿಮ್ಮದೇ ಕನ್ಸೋಲ್‌ನಿಂದ ತೆಗೆಯುವುದು ಸರಿಯಾದ ದಾರಿ. ಈ ವಯಸ್ಸಿನಲ್ಲಿ ಪಿಎಸ್2ಗೆ ಚಿಪ್ ಹಾಕಿಸುವುದು ಬೇಡ. ಹಳೇ ಬೋರ್ಡಿಗೆ ಕಾದ ಕಬ್ಬಿಣ ಮುಟ್ಟಿಸಿದರೆ ಇರುವುದೂ ಹೋಗಬಹುದು. ಮೆಮೊರಿ ಕಾರ್ಡ್ ಮೂಲಕ ಹೊರಗಿನ ಸಾಫ್ಟ್‌ವೇರ್ ಓಡಿಸುವ ಉಪಾಯವೂ ಇದೆ. ಮಾಡುವುದಾದರೆ ಹೊಸ ಕಾರ್ಡ್ ತಗೊಂಡು ಮಾಡಿ, ಅಣ್ಣನ ಸೇವ್ ಇರುವ ಕಾರ್ಡಿನ ಮೇಲೆ ಪ್ರಯೋಗ ಬೇಡ.

ಡಿಸ್ಕಿನ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಈ ಸೇವ್‌ಗಳನ್ನೇ. ಡಿಸ್ಕ್ ಹೋದರೆ ಇನ್ನೊಂದು ಹುಡುಕಬಹುದು, ಅಣ್ಣ ಆಡಿದ ಆಟ ಮತ್ತೆ ಸಿಗುವುದಿಲ್ಲ. ಪಿಎಸ್2ರ 8 ಎಂಬಿ ಕಾರ್ಡನ್ನು ಪಿಎಸ್3ಗೆ ಜೋಡಿಸುವ ಅಡಾಪ್ಟರನ್ನು ಸೋನಿಯೇ ಮಾಡಿತ್ತು. ಎರಡೂ ಕನ್ಸೋಲ್ ಇರುವ ನಿಮಗೆ ಅದು ಹೇಳಿ ಮಾಡಿಸಿದ ದಾರಿ, ಹಳೇ ಸಾಮಾನಿನಲ್ಲಿ ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಇನ್ನು ಕಾನೂನು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ, 1957ರ ಕಲಂ 52(1)(ಎಎ) ನಿಮ್ಮ ಪರವಾಗಿದೆ. ಕಂಪ್ಯೂಟರ್ ಪ್ರೋಗ್ರಾಂನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು, ಅದು ಕಳೆದುಹೋಗದಂತೆ, ಹಾಳಾಗದಂತೆ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಮಾಡಿಕೊಳ್ಳಬಹುದು, ಆ ಪ್ರೋಗ್ರಾಂ ಯಾವ ಬಳಕೆಗೆ ಕೊಟ್ಟದ್ದೋ ಅದಕ್ಕೆ ಮಾತ್ರ. 2012ರ ತಿದ್ದುಪಡಿಯಲ್ಲಿ ಕಲಂ 65ಎ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ 2 ವರ್ಷದವರೆಗೆ ಜೈಲು ಮತ್ತು ದಂಡ. ಆ ‘ಉದ್ದೇಶದಿಂದ’ ಅನ್ನುವ ಮಾತು ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಅದೇ ಕಲಂ ವಿನಾಯಿತಿಯನ್ನೂ ಕೊಡುತ್ತದೆ. ಅಮೆರಿಕದ 1998ರ ಡಿಎಂಸಿಎ ಕಾನೂನು ಇಷ್ಟು ಉದಾರವಲ್ಲ. ಅಲ್ಲಿ ಬೀಗ ಮುರಿಯುವುದೇ ತಪ್ಪು, ಮೂರು ವರ್ಷಕ್ಕೊಮ್ಮೆ ಕೊಡುವ ವಿನಾಯಿತಿಗಳಲ್ಲಿ ಬಂದರೆ ಮಾತ್ರ ಪಾರು. ಹಳೇ ಆಟಗಳನ್ನು ಸಂಶೋಧಕರಿಗೆ ಗ್ರಂಥಾಲಯದ ಹೊರಗೂ ನೋಡಲು ಬಿಡಿ ಅಂತ ಕೇಳಿದ್ದನ್ನು 2024ರಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ಒಪ್ಪಲಿಲ್ಲ. ಅಂತರ್ಜಾಲದಲ್ಲಿ ಓದುವ ಎಚ್ಚರಿಕೆಗಳು ಬಹುಪಾಲು ಆ ದೇಶದವು.

ಹಾಗಂತ ನಮ್ಮ ಕಲಂ ಎಲ್ಲದಕ್ಕೂ ಪರವಾನಗಿ ಅಲ್ಲ. ಡಿಸ್ಕನ್ನು ಮಾರಿ ಕಾಪಿ ಇಟ್ಟುಕೊಂಡರೆ ಅದು ಬ್ಯಾಕಪ್ ಅಲ್ಲ. ಬೇರೆಯವರು ಹಾಕಿದ ಇಮೇಜನ್ನು ಇಳಿಸಿಕೊಳ್ಳುವುದೂ ಬ್ಯಾಕಪ್ ಅಲ್ಲ, ನಿಮ್ಮ ಹತ್ತಿರ ಅದೇ ಡಿಸ್ಕ್ ಇದ್ದರೂ. ಸ್ನೇಹಿತರಿಗೆ ಹಂಚುವುದಂತೂ ಸೀದಾ ನಕಲು. ಆದ್ದರಿಂದ ಬ್ಯಾಕಪ್ ಆದ ಮೇಲೂ ಅಸಲು ಡಿಸ್ಕನ್ನು, ಡಬ್ಬಿಯನ್ನು, ಇದ್ದರೆ ಬಿಲ್ಲನ್ನು ಎಸೆಯಬೇಡಿ. ಬ್ಯಾಕಪ್ ಇಟ್ಟುಕೊಳ್ಳುವ ಹಕ್ಕು ನಿಮಗೆ ಬಂದದ್ದು ಅವುಗಳಿಂದಲೇ.

ಪಿಎಸ್3 ಡಿಸ್ಕ್‌ಗಳನ್ನು ಸದ್ಯಕ್ಕೆ ತೊಳೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ನಿಲ್ಲಿಸಿ ಇಡಿ. ಕೆಲವೇ ಮಾದರಿಯ ಕಂಪ್ಯೂಟರ್ ಬ್ಲೂ-ರೇ ಡ್ರೈವ್‌ಗಳು ಅವನ್ನು ಸರಿಯಾಗಿ ಓದುತ್ತವೆ. ಆರ್‌ಪಿಸಿಎಸ್3 ಎಮ್ಯುಲೇಟರ್ ಮಾಡುವವರು ಆ ಮಾದರಿಗಳ ಪಟ್ಟಿ ಕೊಟ್ಟಿದ್ದಾರೆ. ಸ್ನೇಹಿತನ ಡ್ರೈವ್ ಅದರಲ್ಲಿದೆಯಾ ನೋಡಿ, ಇಲ್ಲದಿದ್ದರೆ ಸುಮ್ನೆ ಹೊಸ ಡ್ರೈವ್‌ಗೆ ದುಡ್ಡು ಹಾಕಬೇಡಿ, ಈ ಡಿಸ್ಕ್‌ಗಳಿಗೆ ಇನ್ನೂ ವಯಸ್ಸಾಗಿಲ್ಲ. ಅದರ ಬದಲು ಪಿಎಸ್3ಯನ್ನು ಇಂಟರ್‌ನೆಟ್‌ಗೆ ಸೇರಿಸಿ, ಪ್ರತಿ ಆಟದ ಅಪ್‌ಡೇಟ್ ಈಗಲೇ ಇಳಿಸಿಕೊಳ್ಳಿ. 2021ರ ಮಾರ್ಚ್‌ನಲ್ಲಿ ಪಿಎಸ್3ರ ಆನ್‌ಲೈನ್ ಅಂಗಡಿಯನ್ನು ಮುಚ್ಚುತ್ತೇವೆ ಅಂತ ಸೋನಿ ಹೇಳಿತ್ತು, ಜನ ಕೂಗಾಡಿದ ಮೇಲೆ ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು. ಮುಂದಿನ ಸಲ ಹಿಂದೆ ಸರಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಕಪ್ಪು ಡಿಸ್ಕ್‌ಗಳೇ ಎಲ್ಲಕ್ಕಿಂತ ಹಳೆಯವು, ಬ್ಯಾಕಪ್ ಅವುಗಳಿಂದ ಶುರುವಾಗಲಿ. ಓದಲು ಒಪ್ಪದೆ ಹಟ ಮಾಡುವ ಡಿಸ್ಕ್ ಇದ್ದರೆ ಮತ್ತೆ ಮತ್ತೆ ತಿರುಗಿಸಬೇಡಿ. ಅದರ ಒಳ ಉಂಗುರದ, ಕೆಳಮೈಯ ಫೋಟೊ ತೆಗೆದು ಕಳಿಸಿ. ಯಾವ ಡ್ರೈವ್‌ನಲ್ಲಿ, ಯಾವ ವೇಗದಲ್ಲಿ ಓದಿಸಿ ನೋಡಬೇಕು ಅಂತ ಹೇಳುತ್ತೇನೆ.